ಭೂಕಂಪದ ಶಕ್ತಿಯನ್ನು ಹೀರುವ ಲೋಹ

ಕಬ್ಬಿಣದ ತಂತಿಯೊಂದನ್ನು ಒಂದೇ ಜಾಗದಲ್ಲಿ ಹಲವು ಬಾರಿ ಅತ್ತಿತ್ತ ಬಗ್ಗಿಸಿ ಮುಟ್ಟಿ ನೋಡಿ. ಅದು ಬಿಸಿಯಾಗಿರುತ್ತದೆ. ನಿಮ್ಮ ಕೈ ಮಾಡಿದ ಕೆಲಸ ಉಷ್ಣವಾಗಿ ಮಾರ್ಪಟ್ಟಿದೆ. ಭೂಕಂಪದಿಂದ ಕಟ್ಟಡಗಳನ್ನು ರಕ್ಷಿಸುವ ಲೋಹದ ಸಾಧನಗಳ ತತ್ತ್ವವೂ ಇದೇ.

ಲೋಹವನ್ನು ಸ್ವಲ್ಪವೇ ಬಗ್ಗಿಸಿದರೆ ಅದು ಸ್ಪ್ರಿಂಗಿನಂತೆ ಶಕ್ತಿಯನ್ನು ಮರಳಿಸುತ್ತದೆ. ಸ್ಥಿತಿಸ್ಥಾಪಕತ್ವದ ಮಿತಿ ದಾಟಿದರೆ ಶಾಶ್ವತವಾಗಿ ವಿರೂಪಗೊಳ್ಳುತ್ತದೆ. ಆಗ ಶಕ್ತಿಯ ಬಹುಪಾಲು ಉಷ್ಣವಾಗುತ್ತದೆ. ಕಂಬ, ತೊಲೆಗಳೇ ಹೀಗೆ ವಿರೂಪಗೊಂಡರೆ ಕಟ್ಟಡಕ್ಕೆ ಅಪಾಯ. ಆ ಕೆಲಸವನ್ನು ಬೇರೊಂದು ಲೋಹದ ತುಂಡಿಗೆ ವಹಿಸಬಹುದೆಂದು 1970ರ ದಶಕದಲ್ಲಿ ನ್ಯೂಜಿಲೆಂಡಿನ ವಿಜ್ಞಾನಿಗಳು ತೋರಿಸಿದರು.

ಉಕ್ಕಿನ ತುಂಡು ಕ್ರಮೇಣ ದಣಿಯುತ್ತದೆ. ಸೀಸ ಹಾಗಲ್ಲ, ಕೋಣೆಯ ಉಷ್ಣತೆಯಲ್ಲೇ ಅದರ ಹರಳುಗಳು ಮತ್ತೆ ರೂಪುಗೊಂಡು ಮೊದಲಿನ ಗುಣ ಮರಳುತ್ತದೆ. ಆದ್ದರಿಂದ ಅಲ್ಲಿನ ಬಿಲ್ ರಾಬಿನ್ಸನ್ ಅವರು ರಬ್ಬರು ಮತ್ತು ಉಕ್ಕಿನ ಪದರಗಳ ಪೀಠದ ನಡುವೆ ಸೀಸದ ಉರುಳೆಯನ್ನು ಇರಿಸಿದರು. ರಬ್ಬರು ಕಟ್ಟಡವನ್ನು ಮೆಲ್ಲನೆ ಓಲಾಡಲು ಬಿಡುತ್ತದೆ, ಸೀಸ ಶಕ್ತಿಯನ್ನು ಹೀರುತ್ತದೆ. ವೆಲಿಂಗ್ಟನ್ನಿನ ವಿಲಿಯಂ ಕ್ಲೇಟನ್ ಕಟ್ಟಡ ಇಂಥ ಪೀಠಗಳ ಮೇಲೆ ನಿಂತ ಮೊದಲನೆಯದು.

2001ರ ಜನವರಿ 26ರಂದು ಭುಜ್‌ನ ಜಿಲ್ಲಾ ಆಸ್ಪತ್ರೆ ಕುಸಿಯಿತು. ಗಾಯಾಳುಗಳಿಗೆ ಆಸ್ಪತ್ರೆ ಬೇಕಾದ ಗಳಿಗೆಯಲ್ಲೇ ಅದು ಇರಲಿಲ್ಲ. ಅನಂತರ ಕಟ್ಟಿದ ಆಸ್ಪತ್ರೆ ಸೀಸ-ರಬ್ಬರಿನ ಪೀಠಗಳ ಮೇಲೆ ನಿಂತಿದೆ.