ಹುಬ್ಬಳ್ಳಿ ವಸ್ತಿ

ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಗಿನ ಜಾವ ಪೇಟೆಗೆ ಮರಳುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ಸು ಎನ್ನುತ್ತಾರೆ. ಹನ್ನೊಂದು ವರ್ಷಗಳಿಂದ ಪ್ರತಿ ಡಿಸೆಂಬರಿನ ಕೊನೆಯ ವಾರ ನನ್ನದೂ ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ವಸ್ತಿ. ಕೆಲಸ ಪುಣೆಯಲ್ಲಿ, ತವರು ಶಿರಸಿಯಿಂದ ಇನ್ನೂ ಇಪ್ಪತ್ತು ಕಿಲೋಮೀಟರ್ ಒಳಗೆ. ಮಕ್ಕಳಿಗೆ ಕ್ರಿಸ್‌ಮಸ್ ರಜೆ ಸಿಕ್ಕಿದ ಮರುದಿನವೇ ಹೊರಡುತ್ತೇವೆ. ಮೀರಜ್, ಬೆಳಗಾವಿ, ಲೋಂಡಾ, ಧಾರವಾಡ ದಾಟಿ ರೈಲು ಹುಬ್ಬಳ್ಳಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಆಗ ಶಿರಸಿ ಬಸ್ಸು ಹತ್ತಿದರೂ ನಮ್ಮೂರಿನ ಕೊನೆಯ ಬಸ್ಸು ಹೋಗಿಯೇ ಬಿಟ್ಟಿರುತ್ತದೆ.

ಮೊದಲೆರಡು ವರ್ಷ ಈ ರಾತ್ರಿಯನ್ನು ದಂಡವೆಂದೇ ಎಣಿಸಿದ್ದೆ. ಲಾಡ್ಜಿನ ಕೋಣೆ, ಚೀಲಗಳ ಕಾವಲು, ನಿದ್ದೆಗಣ್ಣಿನ ಮಕ್ಕಳು. ಈಗ ಯಾರಾದರೂ ಕಾರಿನಲ್ಲಿ ನೇರ ಮನೆಗೆ ಬಿಡುತ್ತೇನೆಂದರೂ ಮಕ್ಕಳು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಹುಬ್ಬಳ್ಳಿ ರೈಲು ಕಟ್ಟಿದ ಊರು. ಹತ್ತಿ ಮತ್ತು ಮೆಣಸಿನಕಾಯಿಯ ಪೇಟೆ ಮೊದಲೇ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು, ಇಲ್ಲಿಯ ಹತ್ತಿಗೆ ಮರ್ಮಗೋವಾ ಬಂದರಿನ ದಾರಿ ತೆರೆಯಿತು. ಇಂದು ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲೇ ಇದೆ. ಹಳಿಗಳು ಬೆಂಗಳೂರಿನತ್ತ, ಗದಗಿನತ್ತ, ಲೋಂಡಾದತ್ತ ಹೋಗುತ್ತವೆ. ನನ್ನ ಮನೆಯಿರುವ ದಿಕ್ಕಿಗೆ ಮಾತ್ರ ಹೋಗುವುದಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಮಾತು 1990ರ ದಶಕದಿಂದ ನಡೆದಿದೆ. ಅದು ದಟ್ಟ ಕಾಡನ್ನು ಸೀಳಿ ಹೋಗಬೇಕಾದ್ದರಿಂದ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. ಕಾಡಿನ ಊರವಳಾಗಿ ಹೇಳುತ್ತೇನೆ, ಆ ಮರಗಳು ಉಳಿಯುವುದಾದರೆ ವರ್ಷಕ್ಕೊಂದು ರಾತ್ರಿ ಹುಬ್ಬಳ್ಳಿಯಲ್ಲಿ ತಂಗುವುದು ನನಗೆ ಭಾರವಲ್ಲ.

ಇಲ್ಲಿಯ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು. 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆ ಆದಾಗ, ಅಲ್ಲಿಯವರೆಗೆ ಈ ಹೆಸರು ಹೊತ್ತಿದ್ದ ಗೋರಖ್‌ಪುರ ಹಿಂದೆ ಬಿತ್ತು. ಆ ವರ್ಷ ನನ್ನ ಮಗ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲೇಬೇಕೆಂದು ಹಟ ಹಿಡಿದ. ನಡೆದೆವು. ಅರ್ಧ ದಾರಿಗೆ ಅಂಗಡಿಗಳೂ ಜನವೂ ಮುಗಿದು, ಮೇಲೆ ನಕ್ಷತ್ರ, ಬದಿಗೆ ಹಳಿ, ಎದುರಿಗೆ ಬಯಲಿನ ಚಳಿಗಾಳಿ.

ನಿಲ್ದಾಣಕ್ಕೆ ಸಿದ್ಧಾರೂಢ ಸ್ವಾಮೀಜಿಯವರ ಹೆಸರು. ಅವರೂ ಇಲ್ಲಿ ಹುಟ್ಟಿದವರಲ್ಲ. ಬೀದರ ಸೀಮೆಯ ಚಳಕಾಪುರದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮನೆ ಬಿಟ್ಟು, ದೇಶ ತಿರುಗಿ ಹುಬ್ಬಳ್ಳಿಗೆ ಬಂದು ನಿಂತವರು. 1929ರಲ್ಲಿ ದೇಹ ಬಿಡುವವರೆಗೂ ಇಲ್ಲೇ ಇದ್ದರು. ಹಳೇ ಹುಬ್ಬಳ್ಳಿಯ ಕಡೆಯ ಅವರ ಮಠದಲ್ಲಿ ಜಾತಿ ಕೇಳದೆ ಎಲೆ ಹಾಕುತ್ತಾರೆ. ಒಮ್ಮೆ ರೈಲು ನಾಲ್ಕು ತಾಸು ತಡವಾಗಿ, ಊಟದಂಗಡಿಗಳೆಲ್ಲ ಮುಚ್ಚಿ, ಕಾಯ್ದಿರಿಸಿದ್ದ ಕೋಣೆಯನ್ನೂ ಲಾಡ್ಜಿನವರು ಬೇರೆಯವರಿಗೆ ಕೊಟ್ಟಿದ್ದರು. ರಾತ್ರಿಯೆಲ್ಲ ನಿಲ್ದಾಣದಲ್ಲೇ ಕಳೆದು ಮರುದಿನ ಮಧ್ಯಾಹ್ನ ಮಠದ ಪಂಕ್ತಿಯಲ್ಲಿ ಕೂತೆವು. ಪಕ್ಕದಲ್ಲಿ ಆಸ್ಪತ್ರೆಗೆಂದು ಬಂದ ಕೊಪ್ಪಳದ ಕಡೆಯ ಮುದುಕ, ಎದುರಿಗೆ ಬೆನ್ನಿಗೆ ಪುಸ್ತಕದ ಚೀಲ ಹಾಕಿದ್ದ ಕಾಲೇಜು ಹುಡುಗರು. ಆ ಬಿಸಿ ಅನ್ನ-ಸಾರಿನ ಋಣ ನನ್ನ ಮೇಲೆ ಇನ್ನೂ ಇದೆ.

ಗಾಯಕಿ ಗಂಗೂಬಾಯಿ ಹಾನಗಲ್ಲರ ಮನೆಯೂ ಇದೇ ಊರಿನ ದೇಶಪಾಂಡೆ ನಗರದಲ್ಲಿದೆ. ಸವಾಯಿ ಗಂಧರ್ವರಲ್ಲಿ ಕಲಿಯಲು ಅವರು ಇದೇ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಹೆಣ್ಣುಮಗಳೊಬ್ಬಳು ಸಂಗೀತದ ಪಾಠಕ್ಕೆಂದು ಒಬ್ಬಳೇ ರೈಲು ಹತ್ತಿದರೆ ಊರು ಆಡಿಕೊಳ್ಳುತ್ತಿದ್ದ ಕಾಲ ಅದು. ರಾತ್ರಿ ನಿಲ್ದಾಣದಲ್ಲಿ ಕೂತಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಊಟದ ವಿಷಯದಲ್ಲಿ ಹುಬ್ಬಳ್ಳಿಗೆ ಸಾಟಿ ಇಲ್ಲ. ಸಂಜೆ ದುರ್ಗದಬೈಲಿಗೆ ಹೋದರೆ ಗಿರಮಿಟ್ಟಿನ ವಾಸನೆಯೇ ದಾರಿ ತೋರಿಸುತ್ತದೆ. ಉಳ್ಳಾಗಡ್ಡಿ ಬಾಡಿಸಿ, ಹುಣಸೆರಸ ಬೆಲ್ಲ ಹಾಕಿ ಕುದಿಸಿದ ಒಗ್ಗರಣೆಗೆ ಚುರುಮುರಿ ಕಲಸಿ, ಪುಠಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಜೊತೆಗೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ. ಚುರುಮುರಿ ಮೆತ್ತಗಾಗುವ ಮೊದಲೇ ತಿಂದು ಮುಗಿಸಬೇಕು. ಚಳಿಗಾಲದಲ್ಲಿ ಇದರ ರುಚಿಯೇ ಬೇರೆ. ಮೇ ತಿಂಗಳಲ್ಲಿ ತಿಂದು ನೋಡಿದ್ದೇನೆ, ಅದು ಇದಲ್ಲ.

ರಾತ್ರಿ ಊಟ ನಿಲ್ದಾಣದ ಆಸುಪಾಸಿನ ಒಂದು ಸಣ್ಣ ಖಾನಾವಳಿಯಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳ ಪಲ್ಲೆ, ಗುರೆಳ್ಳ ಚಟ್ನಿ, ಗಟ್ಟಿ ಮೊಸರು. ಅಕ್ಕಿ ತಿನ್ನುವ ಮಲೆನಾಡಿನವಳಿಗೆ ಎರಡು ರೊಟ್ಟಿ ಧಾರಾಳವಾಯಿತು. ಬಡಿಸುವ ಅಜ್ಜಿ ಬಿಡಬೇಕಲ್ಲ: “ನಾಚಬ್ಯಾಡವಾ, ಇನ್ನೊಂದ ತಗೋ. ಬಿಸಿ ಅದಾವ.” ಮಗಳ ಕಣ್ಣಲ್ಲಿ ನೀರು ಕಂಡರೆ, “ಖಾರ ಆತೇನ್ ಬೇ? ತಡಿ, ಬೆಣ್ಣಿ ಕೊಡ್ತೀನಿ” ಎಂದು ಒಳಗೆ ಹೋಗುತ್ತಾರೆ. ಆ ಬೆಣ್ಣೆಗೆ ಬಿಲ್ಲಿನಲ್ಲಿ ಲೆಕ್ಕವಿರುವುದಿಲ್ಲ.

ಡಿಸೆಂಬರಿನ ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಎರಡು ಹಬ್ಬಗಳು ಹತ್ತಿರ ಹತ್ತಿರ ಬರುತ್ತವೆ. ಕೇಶ್ವಾಪುರದ ಕಡೆ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತವೆ. ಬಾಸೆಲ್ ಮಿಷನ್ ಹುಬ್ಬಳ್ಳಿಯಲ್ಲಿ ನೆಲೆ ನಿಂತದ್ದು 1839ರಲ್ಲಿ, ಅಂದರೆ ರೈಲು ಬರುವುದಕ್ಕೂ ಮೊದಲೇ. ಇಲ್ಲಿಯ ಕ್ರಿಸ್‌ಮಸ್ ಹೊಸದಲ್ಲ. ಅದೇ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಎಳ್ಳ ಅಮಾಸೆಗೆ ಊರಿಗೆ ಹೊರಟವರ ಗದ್ದಲ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ ಕಟ್ಟಿಕೊಂಡು ಹೋಗಿ, ಹೊಲದಲ್ಲಿ ಚರಗ ಚೆಲ್ಲಿ, ಬಂಧು-ಬಳಗವೆಲ್ಲ ಕೂಡಿ ಉಣ್ಣುವ ಹಬ್ಬ ಅದು. ಬೆಂಗಳೂರಿನ ಕಂಪನಿಯ ಚೀಲ ಹೆಗಲಿಗೇರಿಸಿದ ಹುಡುಗರು ನವಲಗುಂದ, ರೋಣದ ಬಸ್ಸಿಗೆ ಕಾಯುತ್ತಾರೆ. ಅವರೂ ನನ್ನಂತೆಯೇ ಮನೆಯ ಕಡೆ ಮುಖ ಮಾಡಿದವರು.

ಬೆಳಿಗ್ಗೆ ಬೇಗ ಎದ್ದರೆ ಉಣಕಲ್ಲಿಗೆ ಹೋಗಿ ಬರಲು ಸಮಯವಿದೆ. ಧಾರವಾಡದ ದಾರಿಯ ಚಿಗರಿ ಬಸ್ಸು ಹತ್ತಿದರೆ ಆಯಿತು, ಅದಕ್ಕೆ ನಡುರಸ್ತೆಯಲ್ಲಿ ತನ್ನದೇ ಹಾದಿ. ಕೆರೆಯನ್ನು ಎಲ್ಲರೂ ನೋಡುತ್ತಾರೆ. ನೋಡಬೇಕಾದದ್ದು ಚಂದ್ರಮೌಳೇಶ್ವರ ಗುಡಿ. ಕಲ್ಯಾಣದ ಚಾಲುಕ್ಯರ ಕಾಲದ್ದು, ಮನೆಗಳ ನಡುವೆ ಅಡಗಿ ಕೂತಿದೆ, ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಕಡೆಯಿಂದ ಬಂದವರಿಗೂ ಎದುರು ಬಾಗಿಲೇ ಸಿಗುತ್ತದೆ. ಮೂಡಣ ಬಿಸಿಲು ಒಳಗಿನ ಕಂಬಗಳ ಮೇಲೆ ಬೀಳುವ ಆ ಅರ್ಧ ತಾಸು ನಾವು ನಾಲ್ಕೇ ಜನ ಇರುತ್ತೇವೆ. ಹುಬ್ಬಳ್ಳಿಯವರೇ ಎಷ್ಟೋ ಮಂದಿ ಇದನ್ನು ಕಂಡಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಅಲ್ಲಿಂದ ಗೋಕುಲ ರಸ್ತೆಯ ಬಸ್ ನಿಲ್ದಾಣ, ಶಿರಸಿ ಬಸ್ಸು. ತಡಸದವರೆಗೆ ಬಯಲು, ಮುಂಡಗೋಡ ಸಮೀಪಿಸಿದಂತೆ ಸಾಗವಾನಿ, ಬಿದಿರು. ಮಕ್ಕಳು ಕಿಟಕಿಗೆ ಮುಖ ಹಚ್ಚುತ್ತಾರೆ.

ಈ ರಜೆಯಲ್ಲಿ ನೀವೂ ಹುಬ್ಬಳ್ಳಿಯ ಮೇಲೆ ಹಾದು ಹೋಗುವವರಾದರೆ ಒಂದು ರಾತ್ರಿ ಉಳಿಯಿರಿ. ಕ್ರಿಸ್‌ಮಸ್ ವಾರ ಲಾಡ್ಜುಗಳು ತುಂಬಿರುತ್ತವೆ, ಕೋಣೆಗೆ ಮೊದಲೇ ಹೇಳಿಡಿ. ಹೊರಡುವ ದಿನ ಮತ್ತೊಮ್ಮೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಹೊದೆಯುವ ಚಾದರ ದೊಡ್ಡ ಚೀಲದ ತಳದಲ್ಲಿ ಬೇಡ, ಕೈಗೆ ಸಿಗುವಂತಿರಲಿ.