ಮೂಳೆಯೂ ಮಾಂಸವೂ: ಪಿಂಗಾಣಿಯ ಗುಟ್ಟು ಸಿಕ್ಕ ಕತೆ

ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ. ಮುಂಬಯಿಯ ಹಿರಿಯರ ಬಾಯಲ್ಲಿ ಅದು ಈಗಲೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ನೆಂಟರು ಶಿಲ್ಪಗಳ ಮುಂದೆ ನಿಂತರೆ ನನ್ನ ಕಾಲು ಚೀನಾದ ಪಿಂಗಾಣಿಯ ಕಪಾಟಿನ ಕಡೆಗೆ ಎಳೆಯುತ್ತದೆ. ಜಮ್‌ಶೆಟ್‌ಜಿ ಟಾಟಾರ ಮಕ್ಕಳಾದ ಸರ್ ರತನ್ ಮತ್ತು ಸರ್ ದೋರಾಬ್ ಆಸೆಪಟ್ಟು ಕೂಡಿಸಿದ ಸಂಗ್ರಹ ಅದು. ಪಾರ್ಸಿ ವ್ಯಾಪಾರಿಗಳು ಇಲ್ಲಿಂದ ಹತ್ತಿ, ಅಫೀಮು ಹೇರಿಕೊಂಡು ಕ್ಯಾಂಟನ್‌ಗೆ ಹೋಗಿ, ಚಹಾ, ರೇಷ್ಮೆ, ಪಿಂಗಾಣಿ ತರುತ್ತಿದ್ದ ಕಾಲದಿಂದಲೂ ಈ ಊರಿಗೆ ಆ ಬಿಳುಪಿನ ನಂಟು.

ಧಾರಾವಿಯ ಕುಂಭಾರವಾಡದ ಮಡಕೆಯೂ ಮಣ್ಣೇ, ಇದೂ ಮಣ್ಣೇ. ಆದರೆ ಮಡಕೆ ನೀರು ಜಿನುಗಿಸುತ್ತದೆ. ಪಿಂಗಾಣಿ ಒಂದು ಹನಿಯನ್ನೂ ಬಿಡದು. ತೆಳು ಬಟ್ಟಲನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳಿನ ನೆರಳು ಕಾಣುತ್ತದೆ. ಉಗುರಿನಿಂದ ತಟ್ಟಿದರೆ ಗಂಟೆಯ ದನಿ. ಇದರಲ್ಲಿ ಗಾಜು ಬೆರೆತಿರಬೇಕು ಎಂದುಕೊಂಡ ಯುರೋಪಿನವರು ಜೇಡಿಮಣ್ಣಿಗೆ ಗಾಜಿನ ಪುಡಿ ಕಲಸಿ ಸುಟ್ಟರು. ಹೊಳಪು ಬಂತು, ಗಟ್ಟಿತನ ಬರಲಿಲ್ಲ.

ಗುಟ್ಟು ಮೊದಲು ಒಲಿದದ್ದು ಒಬ್ಬ ಸೆರೆಯಾಳಿಗೆ. ಚಿನ್ನ ಮಾಡುತ್ತೇನೆಂದು ಹೇಳಿಕೊಂಡಿದ್ದ ಯೊಹಾನ್ ಬಾಟ್ಗರ್ ಎಂಬ ತರುಣನನ್ನು ಸ್ಯಾಕ್ಸನಿಯ ದೊರೆ ಅಗಸ್ಟಸ್ ಹಿಡಿದಿಟ್ಟುಕೊಂಡಿದ್ದ. ಆ ದೊರೆಗೆ ಪಿಂಗಾಣಿಯ ಹುಚ್ಚು ಎಷ್ಟಿತ್ತೆಂದರೆ, ಮುಂದೆ 1717ರಲ್ಲಿ 151 ಪಾತ್ರೆಗಳಿಗಾಗಿ ತನ್ನ 600 ಸೈನಿಕರನ್ನೇ ಪ್ರಷ್ಯಾದ ದೊರೆಗೆ ಕೊಟ್ಟುಬಿಟ್ಟ. ಚಿನ್ನವಂತೂ ಆಗಲಿಲ್ಲ. ವಿದ್ವಾಂಸ ಚಿರ್ನ್‌ಹೌಸ್‌ನ ಜೊತೆಗೂಡಿ ಬಾಟ್ಗರ್ ಮಣ್ಣಿನ ಮಿಶ್ರಣಗಳನ್ನು ಸುಡುತ್ತ ಹೋದ. ಬಿಳಿ ಜೇಡಿಗೆ ಅಲಬಾಸ್ಟರ್ ಬೆರೆಸಿ ಸುಟ್ಟ ತುಂಡುಗಳು ಬೆಳ್ಳಗೆ, ಬೆಳಕು ಹಾಯುವಂತೆ ಹೊರಬಂದವೆಂಬ ಟಿಪ್ಪಣಿಗೆ 1708ರ ಜನವರಿ 15ರ ತಾರೀಖಿದೆ. 1710ರಲ್ಲಿ ಮೈಸನ್ ಕಾರ್ಖಾನೆ ಶುರುವಾಯಿತು. ಬಾಟ್ಗರ್ 1719ರಲ್ಲಿ, ಇನ್ನೂ 37ರ ವಯಸ್ಸಿನಲ್ಲಿ ತೀರಿಕೊಂಡ.

ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ದಾರಿ, ಕೇಳಿ ತಿಳಿದವನ ದಾರಿ. ಫ್ರಾನ್ಸಿನ ಪಾದ್ರಿ ದಾಂತ್ರಕೋಲ್, ಚೀನಾದ ಪಿಂಗಾಣಿಯ ತವರಾದ ಜಿಂಗ್‌ದೆಜೆನ್‌ನಲ್ಲಿ ಕೆಲಸಗಾರರ ನಡುವೆ ಓಡಾಡಿ, ನೋಡಿ, ವಿಚಾರಿಸಿ 1712ರಲ್ಲಿ ಒಂದು ಪತ್ರ, 1722ರಲ್ಲಿ ಮತ್ತೊಂದು ಪತ್ರ ಬರೆದ. ಬೇಕಾದದ್ದು ಎರಡು ವಸ್ತು. ಒಂದು ಗಾವೊಲಿಂಗ್ ಬೆಟ್ಟದ ಬಿಳಿ ಜೇಡಿ. ‘ಕೆಯೋಲಿನ್’ ಎಂಬ ಹೆಸರು ಹುಟ್ಟಿದ್ದು ಆ ಬೆಟ್ಟದಿಂದಲೇ. ಇನ್ನೊಂದು, ಕುಟ್ಟಿ ಪುಡಿಮಾಡಿ ಸಣ್ಣ ಬಿಳಿ ಇಟ್ಟಿಗೆಯಾಗಿ ಮಾರುತ್ತಿದ್ದ ಕಲ್ಲು. ಪರದೇಶಿಗಳು ಬರೀ ಇಟ್ಟಿಗೆ ಒಯ್ದು, ಜೇಡಿಯಿಲ್ಲದೆ ಪಾತ್ರೆ ಮಾಡಹೋಗಿ ಸೋತರಂತೆ. ಮೂಳೆಯಿಲ್ಲದೆ ಬರೀ ಮಾಂಸದಿಂದ ಮೈ ನಿಲ್ಲಿಸಲು ಹೊರಟರಲ್ಲ ಎಂದು ಚೀನೀ ವರ್ತಕನೊಬ್ಬ ನಕ್ಕದ್ದನ್ನು ಪಾದ್ರಿ ಪತ್ರದಲ್ಲಿ ಬರೆದಿದ್ದಾನೆ.

ಇಡೀ ರಸಾಯನಶಾಸ್ತ್ರ ಆ ಒಂದು ಮಾತಿನಲ್ಲಿದೆ. ಸುಮಾರು 1300 ಡಿಗ್ರಿ ಕಾವಿನಲ್ಲಿ ಕಲ್ಲಿನ ಪುಡಿ ಕರಗಿ ಗಾಜಾಗುತ್ತದೆ, ಜೇಡಿ ಕರಗದೆ ಆಕಾರ ಹಿಡಿದು ನಿಲ್ಲುತ್ತದೆ. ಗಾಜು ಸಂದುಗೊಂದುಗಳನ್ನೆಲ್ಲ ತುಂಬುವುದರಿಂದಲೇ ನೀರು ಜಿನುಗದು, ಬೆಳಕು ಹಾಯುತ್ತದೆ. ನೀಲಿ ಚಿತ್ತಾರಕ್ಕೆ ಕೋಬಾಲ್ಟ್ ಬಣ್ಣ. ಒಲೆಗೆ ಹೋಗುವಾಗ ಕಪ್ಪು ಛಾಯೆಯಲ್ಲಿರುವ ಅದು ನೀಲಿಯಾಗಿ ಹೊರಬರುತ್ತದೆ.

1637ರ ಚೀನೀ ಗ್ರಂಥ ‘ತಿಯೆನ್ ಗೊಂಗ್ ಕಾಯ್ ವು’ ಪ್ರಕಾರ ಒಂದು ಬಟ್ಟಲು ಸಿದ್ಧವಾಗುವ ಹೊತ್ತಿಗೆ 72 ಕೈಗಳನ್ನು ದಾಟುತ್ತದೆ. ಒಬ್ಬ ಅಂಚಿನ ಗೆರೆ ಎಳೆದರೆ, ಒಬ್ಬ ಹೂವು ಬಿಡಿಸುತ್ತಾನೆ, ಇನ್ನೊಬ್ಬ ಅದಕ್ಕೆ ಬಣ್ಣ ತುಂಬುತ್ತಾನೆ. ಬಾಟ್ಗರ್‌ನನ್ನೂ ಪಾದ್ರಿಯನ್ನೂ ಇತಿಹಾಸ ನೆನಪಿಟ್ಟುಕೊಂಡಿದೆ. ಅವರು ಕಂಡುಕೊಂಡದ್ದನ್ನು ನೂರಾರು ವರ್ಷ ಮೊದಲೇ ಬಲ್ಲವರಾಗಿದ್ದ ಆ ಕುಂಬಾರರು ನನ್ನ ಮಟ್ಟಿಗೆ ಇದರ ನಿಜವಾದ ಆವಿಷ್ಕಾರಕರು.

ಮನೆಯಲ್ಲಿ ಪಿಂಗಾಣಿಯ ಕಪ್ಪು-ಬಸಿ ಇದ್ದರೆ ಇವತ್ತು ಕಪ್ಪನ್ನು ಬೋರಲು ಹಾಕಿ ನೋಡಿ. ತಳದಲ್ಲಿ ಹೊಳಪಿಲ್ಲದ, ಕೊಂಚ ಒರಟಾದ ಒಂದು ಬಳೆ ಕೈಗೆ ತಗಲುತ್ತದೆ. ಒಲೆಯಲ್ಲಿ ಕಪ್ಪು ಅಂಟಿಕೊಳ್ಳದಿರಲೆಂದು ಅಲ್ಲಿನ ಮೆರುಗನ್ನು ಒರೆಸಿರುತ್ತಾರೆ. ಮೆರುಗಿನ ಕೆಳಗಿರುವ ಮಣ್ಣು ಬರಿಗಣ್ಣಿಗೆ ಕಾಣುವುದು ಅಲ್ಲೇ.