ಮನೋಮಿನ್ ಎಂಬ ಅಕೃಷ್ಟಪಚ್ಯಧಾನ್ಯವೂ ರಾಜಮನ್ನಣೆಯೂ

ಉತ್ತು ಬಿತ್ತದೆ ತಾನಾಗಿ ಬೆಳೆದು ಮಾಗುವ ಧಾನ್ಯವನ್ನು ಸಂಸ್ಕೃತದಲ್ಲಿ ಅಕೃಷ್ಟಪಚ್ಯವೆನ್ನುವರು. ಅವುಗಳಲ್ಲಿ ಪ್ರಸಿದ್ಧವಾದುದು ನೀವಾರ. ಅಮರಸಿಂಹನು ಇದನ್ನು ತೃಣಧಾನ್ಯವೆಂದು ಹೇಳಿರುವನು. ಚಮಕದ ಧಾನ್ಯಗಣನೆಯಲ್ಲಿ ವ್ರೀಹಿಯು ಮೊದಲನೆಯದು, ನೀವಾರವು ಕಡೆಯದು. ವಾಜಪೇಯದಲ್ಲಿ ಬೃಹಸ್ಪತಿಗೆ ಅರ್ಪಿಸತಕ್ಕ ಚರುವಾದರೋ ನೀವಾರದ್ದೇ. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನು ಆಶ್ರಮಕ್ಕೆ ಮರಳಿ ಹೋಗಲು ನೆವವನ್ನು ಹುಡುಕುತ್ತಿರುವಾಗ, ತಾಪಸರು ಕೂಡಿಟ್ಟ ನೀವಾರದಲ್ಲಿ ಆರನೆಯ ಒಂದು ಪಾಲನ್ನು ಕರವಾಗಿ ಕೇಳಬಹುದೆಂದು ವಿದೂಷಕನು ಸೂಚಿಸುತ್ತಾನೆ. ಅರಸನು ಅದನ್ನು ಒಪ್ಪುವುದಿಲ್ಲ. ಇದು ನಗೆಯ ಮಾತೇ ಸರಿ; ಆದರೂ ಯಾರೂ ಬಿತ್ತದ ಧಾನ್ಯಕ್ಕೂ ರಾಜನಿಗೂ ಏನು ಸಂಬಂಧವೆಂಬ ಪ್ರಶ್ನೆಯು ಅದರಲ್ಲಿ ಅಡಗಿದೆ.

ಈ ಪ್ರಶ್ನೆಯು ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ ಇಂದಿಗೂ ಜೀವಂತವಾಗಿರುವುದು. ಮಿಶಿಗನ್ ಸಂಸ್ಥಾನವು ೨೦೨೩ರಲ್ಲಿ ಮನೋಮಿನ್ ಎಂಬ ಜಲಧಾನ್ಯವನ್ನು ತನ್ನ ದೇಶಜಧಾನ್ಯವೆಂದು ಶಾಸನದ ಮೂಲಕ ಅಂಗೀಕರಿಸಿತು. ಮಿನ್ನೆಸೋಟ ಸಂಸ್ಥಾನವು ೧೯೭೭ರಲ್ಲಿಯೇ ಇದನ್ನು ತನ್ನ ಲಾಂಛನಧಾನ್ಯವನ್ನಾಗಿ ಮಾಡಿಕೊಂಡಿದ್ದಿತು.

ಇಂಗ್ಲಿಷರು ಇದನ್ನು ಕಾಡು ಅಕ್ಕಿ ಎಂದು ಕರೆದುದರಿಂದ, ಇದೂ ನೀವಾರವೂ ಒಂದೇ ಎಂಬ ಶಂಕೆ ಹುಟ್ಟುವುದು ಸಹಜ. ಅದು ಸರಿಯಲ್ಲ. ನೀವಾರವು ಬತ್ತದ ಕುಲಕ್ಕೇ ಸೇರಿದುದು. ೧೯೬೫ರಲ್ಲಿ ಸಸ್ಯಶಾಸ್ತ್ರಜ್ಞರು ಭಾರತದ ಒಂದು ಕಾಡುಬತ್ತಕ್ಕೆ ನಿವಾರ ಎಂಬ ಹೆಸರನ್ನೇ ಶಾಸ್ತ್ರೀಯನಾಮದಲ್ಲಿ ಸೇರಿಸಿದರು. ಮನೋಮಿನ್ ಆದರೋ ತೃಣವರ್ಗದಲ್ಲಿಯೇ ಬೇರೊಂದು ಕುಲದ್ದು. ಫ್ರೆಂಚರು ಇದನ್ನು ಹುಚ್ಚು ಓಟ್ಸ್ ಎಂದರು. ಲಿನ್ನೇಯಸನು ೧೭೫೩ರಲ್ಲಿ ಜಿಜಾನಿಯ ಎಂಬ ಗ್ರೀಕ್ ಪದವನ್ನು ಇದಕ್ಕೆ ಕುಲನಾಮವನ್ನಾಗಿ ಇಟ್ಟನು. ಮತ್ತಾಯನ ಸುವಾರ್ತೆಯ ದೃಷ್ಟಾಂತವೊಂದರಲ್ಲಿ, ಗೋದಿಯ ಹೊಲದಲ್ಲಿ ಹಗೆಯು ರಾತ್ರಿ ಬಂದು ಬಿತ್ತಿಹೋದ ಕಳೆಗೆ ಇರುವ ಹೆಸರು ಅದೇ. ಯಾರೂ ಬಿತ್ತದ ಅನ್ನಕ್ಕೆ ಹಗೆಯು ಬಿತ್ತಿದ ಕಳೆಯ ಹೆಸರು ಬಂದುದು ವಿಚಿತ್ರವೇ! ಅಲ್ಲಿಯ ಮೂಲನಿವಾಸಿಗಳಾದ ಅನಿಶಿನಾಬೆ ಜನರಾದರೋ ಮನೋಮಿನ್ ಎಂಬುದಕ್ಕೆ ‘ಒಳ್ಳೆಯ ಕಾಳು’ ಎಂದು ನಿರುಕ್ತಿ ಹೇಳುವರು. ನೀರಿನ ಮೇಲೆ ಆಹಾರವು ಬೆಳೆಯುವ ನಾಡು ಸಿಕ್ಕುವವರೆಗೂ ನಡೆಯಿರಿ ಎಂಬ ಆದೇಶವನ್ನು ಅನುಸರಿಸಿ, ತಮ್ಮ ಪೂರ್ವಿಕರು ಪೂರ್ವಸಮುದ್ರದ ತೀರದಿಂದ ಮಹಾಸರೋವರಗಳ ಪ್ರಾಂತಕ್ಕೆ ಬಂದರೆಂಬುದು ಅವರ ಐತಿಹ್ಯ. ನೆರೆಯ ಮೆನೊಮಿನಿ ಜನಾಂಗದ ಹೆಸರೂ ಈ ಧಾನ್ಯದಿಂದಲೇ ಬಂದುದು. ಆದಕಾರಣ ಮಿಶಿಗನ್ನಿನ ಶಾಸನದಲ್ಲಿ ಮನೋಮಿನ್ ಎಂಬ ಪದವೇ ನಿಂತಿರುವುದನ್ನು ಅಲ್ಪವೆಂದು ಎಣಿಸಲಾಗದು.

ಇದರ ಒಕ್ಕಣೆಯ ಕ್ರಮವು ಗಮನಾರ್ಹವಾಗಿದೆ. ದೋಣಿಯಲ್ಲಿ ಇಬ್ಬರು ಹೋಗುವರು. ಒಬ್ಬನು ಉದ್ದವಾದ ಗಳುವಿನಿಂದ ದೋಣಿಯನ್ನು ನೂಕುವನು. ಮತ್ತೊಬ್ಬನು ಒಂದು ಹಗುರವಾದ ಕೋಲಿನಿಂದ ದಂಟುಗಳನ್ನು ದೋಣಿಯ ಮೇಲಕ್ಕೆ ಬಗ್ಗಿಸಿ ಇನ್ನೊಂದರಿಂದ ಮೆಲ್ಲನೆ ತಟ್ಟುವನು. ಒಂದೇ ತೆನೆಯ ಕಾಳುಗಳು ಒಮ್ಮೆಲೇ ಮಾಗುವುದಿಲ್ಲ. ಮಾಗಿದವುಗಳಲ್ಲಿ ಕೆಲವು ದೋಣಿಗೂ ಕೆಲವು ನೀರಿಗೂ ಬೀಳುವುವು. ನೀರಿಗೆ ಬಿದ್ದುದು ಕೆಸರಿನಲ್ಲಿ ಚಳಿಗಾಲವನ್ನು ಕಳೆದು ಮುಂದೆ ಮೊಳೆಯುವುದು. ತಂದುದನ್ನು ಹುರಿದು, ತುಳಿದು, ಭೂರ್ಜದ ತೊಗಟೆಯ ಮೊರಗಳಲ್ಲಿ ತೂರುವರು.

ಇಂತಹ ಧಾನ್ಯಕ್ಕೆ ನೀರೇ ಹೊಲ. ರಾಜಮನ್ನಣೆಯ ತೊಡಕೆಲ್ಲವೂ ಇಲ್ಲಿಯೇ ಇರುವುದು. ಹೊಲವನ್ನು ಬೇಲಿಯಿಂದ ಕಾಯಬಹುದು, ಸರೋವರವನ್ನು ಹಾಗೆ ಕಾಯಲಾಗದು. ಅಣೆಕಟ್ಟಿನಿಂದ ನೀರು ಏರಿದರೆ ಪೈರು ಮುಳುಗುವುದು. ಗಣಿಗಳಿಂದ ಗಂಧಕಲವಣವು ಬೆರೆತು ಬಂದರೆ, ಅದು ಕೆಸರಿನಲ್ಲಿ ಮಾರ್ಪಟ್ಟು ಬೇರಿಗೆ ವಿಷವಾಗುವುದು. ೧೮೩೭ರ ಸಂಧಿಪತ್ರವು, ಬಿಟ್ಟುಕೊಟ್ಟ ನೆಲದಲ್ಲಿಯೂ ಈ ಧಾನ್ಯವನ್ನು ಆಯುವ ಹಕ್ಕನ್ನು ಆ ಜನರಿಗೆ ಉಳಿಸಿದ್ದಿತು; ೧೯೯೯ರಲ್ಲಿ ಅಲ್ಲಿಯ ಸರ್ವೋಚ್ಚನ್ಯಾಯಾಲಯವು ಆ ಹಕ್ಕು ಅಳಿದಿಲ್ಲವೆಂದು ತೀರ್ಮಾನಿಸಿತು. ಆದರೆ ಪೈರೇ ಇಲ್ಲದ ಕೆರೆಯಲ್ಲಿ ಆಯುವ ಹಕ್ಕಿನಿಂದ ಏನು ಫಲ? ಮಿನ್ನೆಸೋಟವು ಈ ಧಾನ್ಯವು ಬೆಳೆಯುವ ನೀರಿನಲ್ಲಿ ಲೀಟರಿಗೆ ೧೦ ಮಿಲಿಗ್ರಾಮಿಗಿಂತ ಹೆಚ್ಚು ಗಂಧಕಲವಣವು ಇರಕೂಡದೆಂದು ೧೯೭೩ರಲ್ಲಿ ನಿಯಮವನ್ನು ಮಾಡಿತು. ಲಾಂಛನದ ಶಾಸನಕ್ಕೆ ನಾಲ್ಕು ವರ್ಷ ಮೊದಲು ಹುಟ್ಟಿದ ಈ ಶುಷ್ಕವಾದ ಅಂಕಿಯೇ ಬಿರುದಿಗಿಂತ ದೊಡ್ಡ ಮನ್ನಣೆಯೆನ್ನಬೇಕು. ಅದನ್ನು ನಡೆಯಿಸುವುದರಲ್ಲಿ ಸಂಸ್ಥಾನವು ಬಹುಕಾಲ ಉದಾಸೀನವಾಗಿದ್ದಿತೆಂಬುದು ಬೇರೆ ಮಾತು.

ಇನ್ನೊಂದು ಬಗೆಯ ಮನ್ನಣೆಯನ್ನು ಆ ಜನರೇ ಮಾಡಿದರು. ಮಿನ್ನೆಸೋಟದ ವೈಟ್ ಅರ್ತ್ ಪಂಗಡವು ೨೦೧೮ರಲ್ಲಿ, ಮನೋಮಿನ್ನಿಗೆ ಬದುಕುವ, ಬೆಳೆಯುವ, ಶುದ್ಧಜಲವನ್ನು ಪಡೆಯುವ ಹಕ್ಕುಗಳು ತಾನಾಗಿಯೇ ಉಂಟೆಂದು ಶಾಸನ ಮಾಡಿತು. ದೇವಾಲಯದ ಮೂರ್ತಿಯೇ ವ್ಯಾಜ್ಯದಲ್ಲಿ ವಾದಿಯಾಗುವುದನ್ನು ಬಲ್ಲ ಭಾರತೀಯರಿಗೆ ಇದು ಅಪೂರ್ವವೆಂದು ತೋರಲಾರದು. ೨೦೨೧ರಲ್ಲಿ, ಎಣ್ಣೆಯ ಕೊಳವೆಮಾರ್ಗದ ಕೆಲಸಕ್ಕಾಗಿ ನೀರೆತ್ತಲು ಅಪ್ಪಣೆ ಕೊಟ್ಟ ಸಂಸ್ಥಾನದ ಇಲಾಖೆಯ ಮೇಲೆ ಪಂಗಡದ ನ್ಯಾಯಾಲಯದಲ್ಲಿ ದಾವೆ ಹೂಡಲ್ಪಟ್ಟಿತು. ಅದರ ಮೊದಲನೆಯ ವಾದಿಯು ಮನೋಮಿನ್. ಪಂಗಡದ ಸೀಮೆಯ ಹೊರಗೆ ಹೊರಗಿನವರು ಮಾಡಿದ ಕಾರ್ಯವು ತನ್ನ ಅಧಿಕಾರಕ್ಕೆ ಒಳಪಡದೆಂದು ಪಂಗಡದ ಮೇಲ್ಮನವಿಯ ನ್ಯಾಯಾಲಯವು ೨೦೨೨ರಲ್ಲಿ ಆ ದಾವೆಯನ್ನು ತಳ್ಳಿಹಾಕಿತು.